ಪಾಳು ಊರಿನ ಪ್ರಾಣಿ

ನನ್ನ ತಮ್ಮನಿಗೆ ಹೀಬ್ರೂ ಬರುತ್ತದೆ, ನನಗೆ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿ, ಅದನ್ನೇ ರಾಯಚೂರಿನ ಕಾಲೇಜೊಂದರಲ್ಲಿ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು ನಾನು. ಅವನು ಪಿಯುಸಿಯಲ್ಲಿ ಒಮ್ಮೆ ನಪಾಸಾಗಿ, ಆಮೇಲೆ ಪಾಸ್ಟರ್ ಆಗಲು ಓದಿದವನು. ಆ ಓದಿನಲ್ಲಿ ಅವನಿಗೆ ಹೀಬ್ರೂ ಕಲಿಸಿದರು. ಬಲದಿಂದ ಎಡಕ್ಕೆ ಸಾಗುವ ಆ ಅಕ್ಷರಗಳ ಮೇಲೆ ಅವನು ಬೆರಳಿಟ್ಟು ಓದುವುದನ್ನು ಮೊದಲ ಸಲ ನೋಡಿದಾಗ, ನನ್ನ ತಟ್ಟೆಯಿಂದ ಯಾರೋ ತುತ್ತು ಎತ್ತಿಕೊಂಡ ಹಾಗಾಯಿತು. ಇಂದಿಗೂ ಆ ಭಾವನೆ ಪೂರ್ತಿ ಹೋಗಿಲ್ಲ.

ನಮ್ಮಪ್ಪ ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಸೈಕಲ್ ತುಳಿದುಕೊಂಡು ಹೋಗಿ ಬೈಬಲ್ಲಿನ ಮಾತು ಹೇಳುತ್ತಿದ್ದ. ನಾನು ದೊಡ್ಡವನಾದ ಮೇಲೆ ಚರ್ಚಿಗೆ ಹೋಗುವುದನ್ನು ಬಿಟ್ಟೆ. ದೇವರ ವಿಷಯದಲ್ಲಿ ನನ್ನ ಬಳಿ ಇರುವುದು ಅನುಮಾನ ಮಾತ್ರ. ತಮ್ಮ ಅಪ್ಪನ ಕೆಲಸವನ್ನೇ ಹಿಡಿದ. ಅಪ್ಪ ತೀರಿಕೊಂಡ ಮೇಲೆ ಸೈಕಲ್ಲೂ ಅವನ ಮನೆಗೇ ಹೋಯಿತು. ಅದನ್ನು ಯಾರೂ ಹಂಚಲಿಲ್ಲ, ತಾನಾಗಿ ಹೋಯಿತು. ಈಗ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿದರೆ ಯಾರಾದರೊಬ್ಬರು ಮುಖ ನೋಡಿ ಕೇಳುತ್ತಾರೆ: "ಪಾಸ್ಟರ್ ಅವ್ರ ಅಣ್ಣಾರು ಅಲ್ಲೇನ್ರಿ ನೀವು?" ನಾನು ಹೌದು ಅನ್ನುತ್ತೇನೆ. ನನ್ನ ವಿದ್ಯಾರ್ಥಿಗಳು ಆ ಊರಲ್ಲೂ ಇದ್ದಾರೆ. ಆದರೆ ಅಲ್ಲಿ ನಾನು ಅವನ ಅಣ್ಣ ಮಾತ್ರ.

ಕೆಲವು ವರ್ಷಗಳ ಹಿಂದೆ ತಮ್ಮ ಮತ್ತು ಅವನ ಜೊತೆಯವರು ಸೇರಿ ಬೈಬಲ್ಲಿನ ಪ್ರವಾದಿಗಳ ಮಾತುಗಳನ್ನು ನಮ್ಮ ಕಡೆಯ ಆಡುಮಾತಿಗೆ ತರಲು ತೊಡಗಿದರು. ಪುಸ್ತಕದ ಕನ್ನಡ ಇಲ್ಲಿನ ಜನರ ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ ಎನ್ನುವುದು ಅವರ ಅನುಭವ. ಒಂದು ಭಾನುವಾರ ಮಧ್ಯಾಹ್ನ ಆರಾಧನೆ ಮುಗಿಸಿಕೊಂಡು ಅವನು ರಾಯಚೂರಿಗೆ, ನಮ್ಮ ಮನೆಗೆ ಬಂದ. ಅವನು ಬರುತ್ತಾನೆಂದರೆ ನನ್ನ ಹೆಂಡತಿ ಮಂಡಕ್ಕಿ ತರಿಸಿ ಮಂಡಾಳ ವಗ್ಗರಣಿ ಮಾಡಿ, ಮಿರ್ಚಿ ಕರಿಯುತ್ತಾಳೆ. ನನಗಾಗಿ ಮಾಡುವುದಿಲ್ಲವೆಂದಲ್ಲ, ನಾನು ಕೇಳಿದಾಗ ಮಾಡುತ್ತಾಳೆ. ಅವನು ಕೇಳಬೇಕಾಗಿಲ್ಲ.

"ಅಣ್ಣ, ಒಂದು ಪ್ರಾಣಿ ಕೈಗೆ ಸಿಗವಲ್ದು. ನೀ ಭಾಷಾ ಓದಿದಾವ, ನೋಡು," ಅಂದ.

"ಪ್ರಾಣಿ ಆಮ್ಯಾಲೆ ಹಿಡೀರಿ," ಅಂದಳು ನನ್ನ ಹೆಂಡತಿ. "ಮಿರ್ಚಿ ಆರ್ತಾವ."

ಆ ಪ್ರಾಣಿಯ ಹೆಸರು ಹೀಬ್ರೂವಿನಲ್ಲಿ ಕಿಪ್ಪೋದ್. ಇಡೀ ಹಳೆಯ ಒಡಂಬಡಿಕೆಯಲ್ಲಿ ಆ ಶಬ್ದ ಮೂರೇ ಕಡೆ ಬರುತ್ತದೆ. ಮೂರೂ ಕಡೆ ಹಾಳಾಗಲಿರುವ ಊರುಗಳ ಬಗ್ಗೆ ಪ್ರವಾದಿಗಳು ಆಡಿದ ಮಾತಿನಲ್ಲೇ ಬರುತ್ತದೆ. ಮೆರೆದ ದೊಡ್ಡ ಊರೊಂದು ಪಾಳು ಬೀಳುತ್ತದೆ, ಅರಮನೆಯಿದ್ದ ಜಾಗ ಈ ಪ್ರಾಣಿಯ ಪಾಲಾಗುತ್ತದೆ. ಆದರೆ ಯಾವುದು ಈ ಪ್ರಾಣಿ? ಪ್ರವಾದಿಯ ಕಾಲದ ಕೇಳುಗನಿಗೆ ಹೆಸರು ಕೇಳಿದರೆ ಸಾಕಿತ್ತು, ಕಣ್ಣ ಮುಂದೆ ಬರುತ್ತಿತ್ತು. ಈಗ ಓದಿದವರು ಎರಡು ಪಂಗಡ. ಜೊಂಡಿನಲ್ಲಿ ಅಡಗಿ ಕೂತು ಗುಡುಗಿದಂತೆ ಕೂಗುವ, ಕೊಕ್ಕರೆ ಜಾತಿಯ ಹಕ್ಕಿ ಎನ್ನುತ್ತಾರೆ ಕೆಲವರು. ಮುಟ್ಟಿದರೆ ಉಂಡೆಯಾಗುವ, ಮೈಯೆಲ್ಲ ಮುಳ್ಳಿರುವ ಸಣ್ಣ ಪ್ರಾಣಿ ಎನ್ನುತ್ತಾರೆ ಉಳಿದವರು.

"ನಾ ಮುಳ್ಳಿಂದೇ ಹಾಕೀನಿ," ಅಂದ ತಮ್ಮ. "ಆ ಶಬ್ದದ ಬೇರಿಗೆ ಮುದುಡಿಕೊಳ್ಳೂದು ಅಂತ ಅರ್ಥ ಅದ. ಅರಬ್ಬಿಯೊಳಗ ಅದರ ಬಳಗದ ಶಬ್ದಕ್ಕೂ ಮುಳ್ಳಿನ ಪ್ರಾಣಿನೇ ಅರ್ಥ. ಗ್ರೀಕಿನ ಹಳೇ ಅನುವಾದ ಮಾಡಿದವ್ರೂ ಹಂಗೇ ತಿಳಕೊಂಡಾರ."

ಒಂದು ಭಾಷೆಯ ಶಬ್ದ ತಿಳಿಯದಿದ್ದರೆ ಅದರ ಬಳಗದ ಭಾಷೆಗಳಲ್ಲಿ ಹುಡುಕಬೇಕು ಎಂದು ವರ್ಷ ವರ್ಷ ಹೇಳುವವನು ನಾನು. ಅದನ್ನು ನಾನೇ ನನ್ನ ಮನೆಯಲ್ಲಿ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡವನಿಂದ ಕೇಳಬೇಕಾಯಿತು. ಅವನ ಮಾತು ಸರಿಯಾಗಿತ್ತು. ಅದಕ್ಕೇ ನಾನು ತಪ್ಪು ಹುಡುಕಿದೆ.

"ಆ ಮಾತಿನಾಗ ನೀರಿನ ಹೊಂಡ ಬರ್ತಾವಲ್ಲ? ನೀರಾಗ ನಿನ್ನ ಮುಳ್ಳಿನ ಪ್ರಾಣಿ ಈಜ್ತದೇನು? ಇನ್ನೊಂದು ಕಡಿ ಕಂಬದ ತುದಿಮ್ಯಾಲೆ ವಸ್ತಿ ಮಾಡ್ತದ ಅಂತ ಅದ. ಕಂಬ ಏರ್ತದೇನು ಅದು?"

"ಊರ ಬಿದ್ದದ ಅಂದ್ರ ಕಂಬಾನೂ ಬಿದ್ದಾವಲ್ಲಣ್ಣ. ತುದಿ ನೆಲದಮ್ಯಾಲೇ ಇರ್ತದ."

ಹೆಂಡತಿ ನಕ್ಕಳು. ಆಗ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೊರಗೆ ತೆಗೆದೆ. "ಅಪ್ಪ ನನಗ ಆ ಪ್ರಾಣಿ ತೋರಿಸ್ಯಾನ. ಅದು ಹಕ್ಕಿ," ಅಂದೆ.

ತಮ್ಮ ತಟ್ಟೆಯಿಂದ ತಲೆ ಎತ್ತಿದ. "ಕಲ್ಲೂರ ಹಾದ್ಯಾಗ? ಬಿದ್ದ ಮಂಟಪದ ಹತ್ರ?"

"ಹೌದು."

"ಅಲ್ಲೇ ನನಗೂ ತೋರಿಸ್ಯಾನ. ಮುಳ್ಳಿಂದದು. ಉಂಡಿ ಆಗಿತ್ತು. ಟವಲಿನಾಗ ಹಿಡದು, 'ನೋಡು, ಪ್ರವಾದಿ ಹೇಳಿದ್ದು ಇದೇ' ಅಂದ."

ನನ್ನ ನೆನಪು ಹೀಗಿತ್ತು. ಮಾನ್ವಿಯಿಂದ ಕಲ್ಲೂರಿಗೆ ಹೋಗುವ ದಾರಿ, ಸಂಜೆ. ಅಪ್ಪನ ಸೈಕಲ್ಲಿನ ಮುಂದಿನ ರಾಡಿನ ಮೇಲೆ ಟವಲು ಮಡಿಸಿ ಹಾಕಿ ನನ್ನನ್ನು ಕೂರಿಸಿದ್ದ. ಅವನ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಬಿದ್ದ ಮಂಟಪದ ಹತ್ತಿರ ಕೆರೆಯ ಜೊಂಡಿನೊಳಗಿಂದ, ಖಾಲಿ ಕೊಡದಲ್ಲಿ ಬಾಯಿಟ್ಟು ಊದಿದ ಹಾಗೆ ಒಂದು ದನಿ ಬಂತು. ಅಪ್ಪ ಕಾಲೂರಿ ಸೈಕಲ್ ನಿಲ್ಲಿಸಿ, ಪ್ರವಾದಿ ಹೇಳಿದ ಪ್ರಾಣಿ ಅದೇ ಅಂದ. ಇಷ್ಟೇ. ಅಪ್ಪ ಯಾವಾಗಲೂ ಊರಿನವರ ಅಪ್ಪನಾಗಿದ್ದ. ಯಾರದೋ ಮನೆಯಲ್ಲಿ ಸಾವು, ಯಾರದೋ ಮಗುವಿಗೆ ಜ್ವರ, ಎಲ್ಲೋ ಜಗಳ, ಅವನು ಹೋಗಬೇಕು. ಅವನು ನನ್ನೊಬ್ಬನಿಗೇ ದಕ್ಕಿದ್ದು ಆ ಒಂದು ಸಂಜೆ. ತಮ್ಮನಿಗೆ ಸೈಕಲ್ ಹೋಗಲಿ, ಕೆಲಸ ಹೋಗಲಿ, ಹೀಬ್ರೂ ಹೋಗಲಿ, ಆ ಸಂಜೆ ನನ್ನದು ಎಂದುಕೊಂಡಿದ್ದೆ. ಈಗ ಅವನು ಅದೇ ಮಂಟಪದ ಹತ್ತಿರ, ಅದೇ ಟವಲು ಹಿಡಿದುಕೊಂಡು ನಿಂತಿದ್ದ.

ಅವನು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ಆ ಹಕ್ಕಿಯ ದನಿ ಹುಡುಕಿ ಕೇಳಿದೆ. ಖಾಲಿ ಕೊಡದಲ್ಲಿ ಊದಿದ ಹಾಗೇ ಇತ್ತು. ಖುಷಿಯಾಯಿತು. ಮರುಗಳಿಗೆಯೇ ಅನುಮಾನ ಬಂತು: ಕೊಡದಲ್ಲಿ ಊದಿದ ದನಿ ಮೊದಲಿನಿಂದ ನನ್ನ ನೆನಪಿನಲ್ಲಿತ್ತೋ, ಅಥವಾ ಎಂದೋ ಎಲ್ಲೋ ಹೀಗೆ ಕೇಳಿ ಅದನ್ನು ಆ ಸಂಜೆಗೆ ಅಂಟಿಸಿಕೊಂಡಿದ್ದೇನೋ? ಇನ್ನಷ್ಟು ಓದಿದೆ. ಆ ಹಕ್ಕಿ ಚಳಿಗಾಲದಲ್ಲಿ ನಮ್ಮ ದೇಶಕ್ಕೆ ಬಂದರೂ ಬರಬಹುದು. ಆದರೆ ಗುಡುಗುವುದು ಮರಿ ಮಾಡುವ ಕಾಲದಲ್ಲಿ, ದೂರದ ತನ್ನ ತಂಪು ನಾಡಿನಲ್ಲಿ. ಕಲ್ಲೂರಿನ ಜೊಂಡಿನಲ್ಲಿ ಅದು ಹಾಗೆ ಕೂಗಿರುವುದು ಕಷ್ಟ. ಹಾಗಾದರೆ ನಾನು ಕೇಳಿದ್ದೇನು? ಅಲ್ಲಿ ನಾನಿದ್ದೆನೇ? ತಮ್ಮ ಎಂದೋ ಹೇಳಿದ ಕಥೆಯನ್ನೇ ನಾನು ಕದ್ದು, ಪ್ರಾಣಿ ಬದಲಾಯಿಸಿ, ನನ್ನದು ಮಾಡಿಕೊಂಡಿರಬಹುದೇ? ಹೇಳಿದಷ್ಟೂ ನೆನಪು ಬದಲಾಗುತ್ತದೆ ಎಂದು ತರಗತಿಯಲ್ಲಿ ಆರಾಮಾಗಿ ಹೇಳುತ್ತೇನೆ. ಈ ನೆನಪನ್ನು ನಾನು ಯಾರಿಗೂ ಹೇಳಿರಲಿಲ್ಲ, ಆದ್ದರಿಂದ ಅದು ಕೆಟ್ಟಿರಲಾರದು ಎಂದು ನನಗೆ ನಾನೇ ವಾದಿಸಿದೆ. ನನಗೆ ನಾನು ಎಷ್ಟು ಸಲ ಹೇಳಿಕೊಂಡಿದ್ದೆನೋ.

ತಮ್ಮನ ಗುಂಪಿನವರದು ಕೆಲಸದ ಒಂದು ಪದ್ಧತಿ ಇತ್ತು. ಬರೆದಾದ ಮೇಲೆ ಅದನ್ನು ಹಳ್ಳಿಗಳಲ್ಲಿ ಓದಿ ಕೇಳಿಸುವುದು. ಬರೆದವನು ಅಲ್ಲಿ ಕೂರುವ ಹಾಗಿಲ್ಲ. ಓದುವವನು ಅರ್ಥ ಬಿಡಿಸಿ ಹೇಳುವ ಹಾಗಿಲ್ಲ. ತಿಳೀತೇನು ಎಂದು ಕೇಳಿದರೆ ನಮ್ಮ ಜನ ಮರ್ಯಾದೆಗೆ "ತಿಳೀತ್ರಿ" ಅನ್ನುತ್ತಾರೆ, ಅದಕ್ಕೆ ಅದನ್ನೂ ಕೇಳಬಾರದು. ಏನು ಕೇಳಿದಿರೋ ಅದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿರಿ ಅನ್ನಬೇಕು. ಚರ್ಚಿನವರೇ ಇದ್ದರೆ ಮೊದಲೇ ಗೊತ್ತಿದ್ದದ್ದನ್ನು ಹೇಳುತ್ತಾರೆಂದು, ಬೇರೆಯವರನ್ನೂ ಕರೆದು ಕೂರಿಸುತ್ತಿದ್ದರು.

ತಮ್ಮ ಫೋನ್ ಮಾಡಿದ. "ಎರಡೂ ಓದಿ ನೋಡೂಣು. ದೇವದುರ್ಗದಾಗ ನಿನ್ನ ಹಕ್ಕಿ, ಕಲ್ಲೂರಾಗ ನನ್ನ ಮುಳ್ಳಿಂದು. ಓದಾವ ನೀನೇ ಆಗು. ಮಂದಿ ಯಾವ್ದು ಸರಿಯಾಗಿ ತಿರುಗಿಸಿ ಹೇಳ್ತಾರ, ಅದು ಪುಸ್ತಕದೊಳಗ, ಇನ್ನೊಂದು ಹೊರಗ."

ನಾನು ಗೆಲ್ಲುವುದಕ್ಕೇ ಹೋದೆ. ಹಕ್ಕಿ ಒಳಗೆ ಹೋದರೆ ನನ್ನ ಸಂಜೆ ಅಚ್ಚಾಗುತ್ತದೆ, ಅದು ನಡೆದಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಇದು ತರ್ಕವಲ್ಲವೆಂದು ಗೊತ್ತಿತ್ತು.

ದೇವದುರ್ಗದಲ್ಲಿ ಚರ್ಚಿನ ಒಬ್ಬರ ಮನೆಯ ಪಡಸಾಲೆ. ಆ ಮನೆಯ ಯಜಮಾನಿ, ಅವಳ ಬಳಗದವರು, ಪಕ್ಕದ ಮನೆಯ ರೈತ. ಆತ ಹಣೆ ತುಂಬ ವಿಭೂತಿ ಹಚ್ಚಿಕೊಂಡಿದ್ದ, ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವನು. ನಾನು ಎರಡು ಸಲ, ನಿಧಾನವಾಗಿ ಓದಿದೆ. ಆ ಊರನ್ನು ದೇವರು ಜೊಂಡಿನ ಹಕ್ಕಿಗೆ ಕೊಡುತ್ತಾನೆ, ನೀರು ನಿಲ್ಲುವ ಹೊಂಡ ಮಾಡುತ್ತಾನೆ, ನಾಶದ ಕಸಬರಿಗೆಯಿಂದ ಗುಡಿಸುತ್ತಾನೆ ಎನ್ನುವುದು ಅದರ ಸಾರ. ದನಿಯಲ್ಲಿ ಆದಷ್ಟು ಭಯ ತಂದುಕೊಂಡಿದ್ದೆ.

"ಈಗ ನೀವು ಹೇಳ್ರಿ," ಅಂದೆ.

ರೈತನೇ ಮೊದಲು ಶುರುಮಾಡಿದ. "ಆ ಊರಿಗೆ ಕಾಲುವಿ ನೀರು ಬಂತ್ರಿ. ಹೊಂಡ ತುಂಬಿದ್ವು. ನೀರು ನಿಂತಲ್ಲಿ ಕೊಕ್ಕರಿ ಬಂದೇ ಬರ್ತಾವ. ದೇವರು ಚಲೋ ಮಾಡಿದ."

ನಾನು ಯಜಮಾನಿಯ ಕಡೆ ನೋಡಿದೆ. ಅವಳಾದರೂ ಚರ್ಚಿನವಳು.

"ಮೊದ್ಲು ಕಸ ಹೊಡದ್ನಲ್ರಿ," ಅಂದಳು ಅವಳು. "ಹೊತ್ತೇರೂದ್ರಾಗ ಅಂಗಳ ಕಸ ಹೊಡದು ನೀರು ಹಾಕಿದಂಗ ಮಾಡಿದ. ಊರ ಲಕ್ಷಣ ಆತು."

"ನಾಶದ ಕಸಬರಿಗಿ ಅಂತ ಓದಿದ್ನಲ್ಲವಾ," ಅಂದೆ. ಹಾಗೆ ಹೇಳಬಾರದಾಗಿತ್ತು.

"ಹೌದ್ರಿ, ಕಸ ನಾಶ ಆಗಬೇಕಲ್ಲ ಮತ್ತ?"

ರೈತ ಇನ್ನೂ ನೀರಿನಲ್ಲೇ ಇದ್ದ. "ಅದ್ಯಾವ ಊರ್ರಿ? ನಮ್ಮ ಹೊಲದ ತನಕಾ ಬರವಲ್ದು ನೀರು. ನಿಮ್ಮ ದೇವರಿಗೆ ನಮ್ಮ ಊರ ಹೆಸರೂ ಹೇಳ್ರಿ." ಪಡಸಾಲೆ ಎಲ್ಲ ನಕ್ಕಿತು. ಆತ ಚೇಷ್ಟೆಗೆ ಅಂದದ್ದೋ ನಿಜಕ್ಕೂ ಅಂದದ್ದೋ ನನಗೆ ತಿಳಿಯಲಿಲ್ಲ.

ನನ್ನ ಹಕ್ಕಿ ಶಾಪವನ್ನು ವರ ಮಾಡಿಬಿಟ್ಟಿತ್ತು. ಸಂಜೆ ತಮ್ಮನಿಗೆ ಫೋನಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಲ್ಲೂರಿಗೆ ಮುಂದಿನ ವಾರ, ಮಾನ್ವಿಯಲ್ಲಿ ಬಸ್ಸು ಬದಲಿಸಿ, ಹೋದೆ. ಅಪ್ಪನ ತಂಗಿ, ನಮ್ಮತ್ತೆ, ಆ ಊರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಓದುವುದು ಅವಳ ಮನೆಯಲ್ಲೇ ಎಂದು ತಮ್ಮ ಗೊತ್ತು ಮಾಡಿದ್ದ. ಅಲ್ಲೂ ಅವನಿಗೇ ಅನುಕೂಲ ಎಂದು ಬಸ್ಸಿನಲ್ಲಿ ಕೂತು ಅಂದುಕೊಂಡೆ. ಅತ್ತೆ ಅವನ ಪಾರ್ಟಿ. ದಾರಿಯಲ್ಲಿ ಮಂಟಪ ಸಿಗುತ್ತದೆಂದು ಕಿಟಕಿಯ ಪಕ್ಕ ಕೂತಿದ್ದೆ. ಎರಡೂ ಕಡೆ ಭತ್ತದ ಗದ್ದೆಗಳು, ಹಸಿರು. ಮಂಟಪ ಕಾಣಲಿಲ್ಲ. ಇಲ್ಲವಾಗಿದೆಯೋ, ಬಸ್ಸಿನ ಇನ್ನೊಂದು ಮಗ್ಗುಲಿಗೆ ಇತ್ತೋ.

ಅತ್ತೆಯ ಮನೆಯಲ್ಲಿ ಓಣಿಯ ಹೆಂಗಸರು ಸೇರಿದ್ದರು. ಮುಳ್ಳಿನ ಪ್ರಾಣಿಯ ಸಾಲುಗಳನ್ನು ಓದಿದೆ. ತಮ್ಮ ದೇವದುರ್ಗದ ಪಾಠ ಕಲಿತು, ಹೊಂಡದ ನೀರನ್ನು ಕೊಳೆತ ನೀರು ಮಾಡಿದ್ದ, ಕಸಬರಿಗೆ ಬಂದಲ್ಲಿ ಊರೇ ಕಸವಾಗಿ ಹೋಯಿತೆಂದು ಬಿಡಿಸಿ ಬರೆದಿದ್ದ. ಓದಿ ಮುಗಿಸಿದಾಗ ಯಾರೂ ನಗಲಿಲ್ಲ.

"ಹಾಳಾತವಾ ಊರು," ಅಂದಳು ಒಬ್ಬಳು. "ಮನಿಯೊಳಗ ಮುಳ್ಳಿನ ಪ್ರಾಣಿ ಹೊಕ್ಕಾವ ಅಂದ್ರ ಒಲಿ ಹಚ್ಚಾವ್ರು ಒಬ್ರೂ ಉಳಿದಿಲ್ಲ."

ಅಷ್ಟು ಸಾಕಾಗಿತ್ತು. ತಮ್ಮ ಗೆದ್ದಿದ್ದ. ಆದರೆ ಅತ್ತೆ ಇನ್ನೂ ತಿರುಗಿ ಹೇಳಿರಲಿಲ್ಲ. ಅವಳು ಕಾಲು ಚಾಚಿ ಕೂತು, ನಗುತ್ತಿದ್ದಳು.

"ಇದು ನಮ್ಮಣ್ಣ ಹೇಳ್ತಿದ್ದ ಮಾತಲ್ಲ? ಹೋದ ಹೋದ ಊರಾಗ ಇದನ್ನ ಹೇಳಾವ. ಮಂದಿ ಕೇಳಾವ್ರು, ಯಪ್ಪಾ, ಅದ್ಯಾವ ಪ್ರಾಣಿ ಅಂತ. ಅವಗೇನ್ ಗೊತ್ತಿತ್ತು?"

"ಗೊತ್ತಿರಲಿಲ್ಲೇನು?" ಅಂದೆ.

"ಎಲ್ಲಿಂದ ಗೊತ್ತಿರ್ಬೇಕು ಲೇ? ಆ ದೇಶ ನೋಡ್ಯಾನೇನು? ಹಾಳು ಜಾಗದಾಗ ಏನ್ ಕಂಡ್ರ ಅದನ್ನೇ ತೋರಿಸ್ತಿದ್ದ. ನನ್ನ ಮಗಗ ಗೂಬಿ ತೋರಿಸಿದ್ದ. ಮಾನ್ವ್ಯಾಗಿನ ಒಬ್ಬಾಕಿಗೆ ಉಡ. ಯಾವ ಊರಿಗೆ ಹೋದ್ರೂ ಒಂದು ಕೂಸಿನ್ನ ಸೈಕಲ್ ಮ್ಯಾಲೆ ಹಾಕ್ಕೊಂಡು ಒಂದು ಸುತ್ತು ತಿರುಗಾಡಿಸಿ, ಇದೇ ನೋಡು ಪ್ರವಾದಿ ಹೇಳಿದ್ದು, ನಿನಗ ಒಬ್ಬನಿಗೇ ತೋರಿಸೀನಿ, ಯಾರಿಗೂ ಹೇಳಬ್ಯಾಡ ಅಂತಿದ್ದ. ಅದಕ್ಕೇ ಕೂಸುಗಳು ಅಂವ ಬಂದ್ರ ಬಿಡ್ತಿರಲಿಲ್ಲ."

"ನನಗ ಹಕ್ಕಿ ತೋರಿಸ್ಯಾನ. ಕೊಡದಾಗ ಊದಿದಂಗ ಕೂಗ್ತಿತ್ತು," ಅಂದೆ. ಸಾಕ್ಷಿ ಕೇಳುವವನ ಹಾಗೆ ಅವಳ ಮುಖ ನೋಡಿದೆ.

"ಕೆಂಬೂತ ಇದ್ದೀತು," ಅಂದಳು ಅತ್ತೆ.

ಕೆಂಬೂತ. ನಮ್ಮ ಬೇಲಿಗಳಲ್ಲಿ ದಿನಾ ಕೂಗುವ ಹಕ್ಕಿ. ಹಾಗಾದರೆ ನಾನು ಅಲ್ಲಿದ್ದೆ, ಏನನ್ನೋ ಕೇಳಿದ್ದೂ ನಿಜವಿರಬಹುದು. ಆದರೆ ನನಗೆ ಸಮಾಧಾನವಾಗಲಿಲ್ಲ. ಇಷ್ಟು ದಿನ ಒಬ್ಬ ತಮ್ಮನ ಮೇಲಿದ್ದ ಹೊಟ್ಟೆಕಿಚ್ಚು ಈಗ ಎರಡು ತಾಲ್ಲೂಕಿನ ಮೇಲೆ ಹರಡಿತು. ಗೂಬೆ ಕಂಡವನು, ಉಡ ಕಂಡವಳು, ಇನ್ನು ಯಾರು ಯಾರು ಏನೇನು ಕಂಡರೋ. ಎಲ್ಲರ ಕಿವಿಯಲ್ಲೂ ಅಪ್ಪ ನಿನಗೊಬ್ಬನಿಗೇ ಅಂದಿದ್ದ. ನಾನು ಯಾರಿಗೂ ಹೇಳದೆ ಕಾಯ್ದುಕೊಂಡದ್ದು ಅದಕ್ಕೇ ಇರಬೇಕು. ಹೇಳಬೇಡ ಎಂದಿದ್ದ.

"ಅತ್ತಿ, ಕೂಸಿನ್ನ ಎಲ್ಲಿ ಕೂರಿಸ್ತಿದ್ದ? ರಾಡಿನ ಮ್ಯಾಲೇನು?"

"ಸಣ್ಣಾವಿದ್ರ ಮುಂದ, ಬಲತಾವಿದ್ರ ಹಿಂದ. ಈಗ್ಯಾಕ ಅದೆಲ್ಲ? ಊಟಕ್ಕ ಏಳು."

ಆಗ ನಾನೆಷ್ಟು ದೊಡ್ಡವನಿದ್ದೆ? ನೆನಪಾಗಲಿಲ್ಲ.

ಮಾನ್ವಿಯ ಬಸ್ ಸ್ಟ್ಯಾಂಡಿನಲ್ಲಿ ತಮ್ಮ ಮೋಟರ್ ಸೈಕಲ್ ಇಟ್ಟುಕೊಂಡು ಕಾಯುತ್ತಿದ್ದ. ಪಕ್ಕದ ಹೋಟೆಲಿನಲ್ಲಿ ಚಹಾ ತರಿಸಿದ. ಅವನ ಪ್ರಾಣಿ ಗೆದ್ದದ್ದನ್ನು ಮೊದಲು ಹೇಳಿದೆ, ಅತ್ತೆ ಹೇಳಿದ್ದನ್ನು ಆಮೇಲೆ ಹೇಳಿದೆ. ಒಂದನ್ನೂ ಬಿಡಲಿಲ್ಲ. ನನ್ನದು ಹೋದ ಮೇಲೆ ಅವನದೂ ಹೋಗಲಿ ಎನ್ನುವುದು ಅದರೊಳಗಿತ್ತು. ಉಡದ ವಿಷಯ ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದೆ.

ಅವನು ಚಹಾ ಊದಿಕೊಂಡು ಕುಡಿದ. "ಗೊತ್ತದ ಅಣ್ಣ. ನಾ ಹೋದ ಊರಾಗೆಲ್ಲ ಹೇಳ್ತಾರ. ಒಬ್ಬಾತಗ ಹಲ್ಲಿ ತೋರಿಸ್ಯಾನ."

"ನಿನಗ ಬ್ಯಾಸರ ಆಗ್ಲಿಲ್ಲೇನು?"

"ಯಾಕ? ನನಗೂ ಒಂದು ತೋರಿಸ್ಯಾನಲ್ಲ. ಸಾಕು."

ಹೀಬ್ರೂ ಕಲಿಯಬಹುದು. ಈ ವಯಸ್ಸಿನಲ್ಲೂ, ಮನಸ್ಸು ಮಾಡಿದರೆ, ಒಂದೆರಡು ವರ್ಷದಲ್ಲಿ ಆ ಅಕ್ಷರಗಳ ಮೇಲೆ ನಾನೂ ಬೆರಳಿಟ್ಟು ಓದಬಹುದು. ಆ "ಸಾಕು" ಎಲ್ಲಿ ಕಲಿಸುತ್ತಾರೋ ತಿಳಿಯದು. ಅವನಲ್ಲಿರುವ ಯಾವುದರ ಮೇಲೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ.

"ನಿನ್ನ ಹಕ್ಕಿನ್ನ ಹೊರಗ ಹಾಕಂಗಿಲ್ಲ," ಅಂದ. "ಪುಟದ ಕೆಳಗ ಸಣ್ಣಕ್ಷರದಾಗ ಹಾಕ್ತೀನಿ. ಕೆಲವರು ಇದನ್ನ ಜೊಂಡಿನ ಹಕ್ಕಿ ಅಂತಾರ ಅಂತ."

"ಕೆಲವರು," ಅಂದೆ ನಾನು.

"ಕೆಲವರು," ಅಂದ ಅವನೂ, ನಗುತ್ತಾ.

ರಾಯಚೂರು ಬಸ್ಸು ಬರುವುದು ತಡವೆಂದು, ಊರಾಚೆಯ ಕ್ರಾಸಿನ ತನಕ ಬಿಡುತ್ತೇನೆಂದ. ನಾನು ಅವನ ಹಿಂದೆ ಕೂತೆ. ಹಿಂದೆ ಕೂತವನಿಗೆ ಮುಂದಿನವನ ಬೆನ್ನು, ಅಂಗಿಯ ಕಾಲರು ಬಿಟ್ಟರೆ ಬೇರೆ ಕಾಣುವುದಿಲ್ಲ. ಅವನ ಬೆನ್ನು ಅಪ್ಪನದರ ಹಾಗೇ ಇದೆ. ಹಾಗೆ ನನಗೆ ಅನ್ನಿಸಿತು, ಅಪ್ಪನ ಬೆನ್ನು ನನಗೆ ಗೊತ್ತಿದೆ ಎನ್ನುವುದು ಆಗಲೇ ಹೊಳೆದದ್ದು. ಎಲ್ಲಿ ಕೂತು ನೋಡಿದ್ದೆ ಅದನ್ನು?

ತಮ್ಮ ತಲೆ ಹೊರಳಿಸದೆ ಕೇಳಿದ: "ಅಣ್ಣ, ಅವತ್ತು ಅಪ್ಪ ನಿನ್ನ ಎಲ್ಲಿ ಕೂರಿಸಿದ್ದ? ಮುಂದೋ ಹಿಂದೋ?"

"ಮುಂದ. ರಾಡಿನ ಮ್ಯಾಲೆ," ಅಂದೆ. ಯೋಚನೆ ಮಾಡದೆ ಅಂದೆ.

"ಹೌದಾ? ನಾ ಹಿಂದ ಇದ್ದೆ." ಮೋಟರ್ ಸೈಕಲ್ ತುಸು ನಿಧಾನವಾಯಿತು. ಅಪ್ಪ ಗಂಟಲು ಕೂರಬಾರದೆಂದು ಯಾವಾಗಲೂ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದ. "ಹಂಗಾದ್ರ ನಿನಗ ಲವಂಗದ ವಾಸನಿ ಬಂದಿರ್ತದ," ಅಂದ ತಮ್ಮ.

ಅವನ ದನಿಯಲ್ಲಿ ಇದ್ದದ್ದು ನನಗೆ ಚೆನ್ನಾಗಿ ಗೊತ್ತಿರುವ ಭಾವನೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದನ್ನು ಅವನಲ್ಲಿ ಕೇಳಿದೆ. ಆ ಗಳಿಗೆಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಬರ್ತಿತ್ತು," ಅಂದೆ.

ಅಂದ ಮೇಲೆ ವಾಸನೆ ಬಂತು.